ಗ್ರಂಥಾಲಯದ ಗೋಡೆಗೆ ವಿಚಿತ್ರ ಪ್ರಾಣಿಗಳ ಸಂಗತಿ ಬೇಕಾಗ್ಯಾವ: ಖರೆ ಯಾವವು, ಸುಳ್ಳು ಯಾವವು?

ಜೇವರ್ಗಿ_ಪುಸ್ತಕಮನೆ
ನಮಸ್ಕಾರ್ರಿ ಎಲ್ಲರಿಗೂ. ಗ್ರಾಮ ಪಂಚಾಯಿತಿ ಗ್ರಂಥಾಲಯದ ವರಾಂಡಾ ಗೋಡೆಗೆ ಮಕ್ಕಳ ಸಲುವಾಗಿ ವಿಚಿತ್ರ ಪ್ರಾಣಿಗಳ ಫಲಕ ಬರಸೋದದ. ಈಗ ಇರೋವೂ ಬೇಕು, ಕೋಟಿಗಟ್ಟಲೆ ವರ್ಷದ ಹಿಂದಿನವೂ ಬೇಕು. ಓದೋರು 5ನೇತ್ತೆಯಿಂದ 8ನೇತ್ತೆ ಮಕ್ಕಳು. ಗೋಡೆ ಉದ್ದ 6 ಮೀಟರ್, ಮುಂದ ದೊಡ್ಡ ಅಂಗಳ ಅದ. ವಾಟ್ಸಾಪ್‌ನಾಗ ತಿರುಗ್ಯಾಡೋ ಪಟ್ಟಿ ಹಿಂಗದ:
1. ಆಕ್ಟೋಪಸ್‌ಗೆ 3 ಹೃದಯ, 9 ಮೆದುಳು.
2. ನೀಲಿ ತಿಮಿಂಗಿಲದ ಹೃದಯ ಕಾರಿನಷ್ಟು ದೊಡ್ಡದು.
3. ನೀರುಕರಡಿ (ಎಂಟು ಕಾಲಿನ ಭಾಳ ಸಣ್ಣ ಜೀವಿ) ಏನು ಮಾಡಿದ್ರೂ ಸಾಯಂಗಿಲ್ಲ.
4. ಮೆಗಲೊಡಾನ್ ಶಾರ್ಕ್ ಡೈನೋಸಾರ್ ತಿಂತಿತ್ತು.
5. ಹಾರೋ ಡೈನೋಸಾರಿನ ರೆಕ್ಕಿ 10 ಮೀಟರ್.
6. ಗುಜರಾತಿನ ವಾಸುಕಿ ಜಗತ್ತಿನ ಅತಿ ದೊಡ್ಡ ಹಾವು, 15 ಮೀಟರ್.
7. ಮ್ಯಾಂಟಿಸ್ ಸೀಗಡಿಗೆ ನಮಗಿಂತ ನಾಕು ಪಟ್ಟು ಬಣ್ಣ ಕಾಣ್ತಾವ.
8. ವಾಂಬ್ಯಾಟ್ (ಆಸ್ಟ್ರೇಲಿಯಾದ ಬಿಲ ತೋಡೋ ಪ್ರಾಣಿ) ಚೌಕಾಕಾರದ ಹಿಕ್ಕಿ ಹಾಕ್ತದ.
ಪೇಂಟರ್ ಒಮ್ಮೆ ಬರದ್ನಂದ್ರ ಮುಗೀತು, ಅಳಿಸೋದು ದೊಡ್ಡ ಕೆಲಸ. ಯಾವುದು ಇಡಬೇಕು, ಯಾವುದು ತೆಗೀಬೇಕು ಹೇಳ್ರಿ. ನಮ್ಮ ಭಾಗದವೂ ಎರಡು ಮೂರು ಸೇರಿದ್ರ ಛಲೋ.

ಎರೆಮಣ್ಣು
4 ಮತ್ತ 5 ಮೊದಲು ಹೊಡದು ಹಾಕ್ರಿ.

ಮೆಗಲೊಡಾನ್ ಇದ್ದದ್ದು ಸುಮಾರು 2.3 ಕೋಟಿ ವರ್ಷದ ಹಿಂದಿನಿಂದ 36 ಲಕ್ಷ ವರ್ಷದ ಹಿಂದಿನ ತನಕ. ಡೈನೋಸಾರ್ ಮುಗಿದದ್ದು 6.6 ಕೋಟಿ ವರ್ಷದ ಹಿಂದ. ನಡುವ 4 ಕೋಟಿ ವರ್ಷ ಖಾಲಿ ಅದ, ಯಾವುದು ಯಾವುದನ್ನ ತಿನ್ನಬೇಕು? ಅದರ ಊಟ ತಿಮಿಂಗಿಲ. ತಿಮಿಂಗಿಲದ ಎಲುಬಿನ ಮ್ಯಾಲೆ ಅದರ ಹಲ್ಲಿನ ಗುರುತು ಸಿಕ್ಕಾವ.

ಇನ್ನ 5. ಹಾರೋದು ಟೆರೊಸಾರ್, ಡೈನೋಸಾರ್ ಅಲ್ಲ. ಎರಡೂ ಹತ್ತಿರದ ಸಂಬಂಧಿಗಳು ಖರೆ, ಆದ್ರ ಬ್ಯಾರೆ ಕವಲು. ಕ್ವೆಟ್ಜಾಲ್‌ಕೊವಾಟ್ಲಸ್ ಅನ್ನೋದಕ್ಕ 10ರಿಂದ 11 ಮೀಟರ್ ರೆಕ್ಕಿ ಇತ್ತು, ಆ ಅಂಕಿ ಸರಿ ಅದ. ಮಜಾ ಇರೋದು ಆ ರೆಕ್ಕಿ ಹೆಂಗ ನಿಂತದ ಅನ್ನೋದ್ರಾಗ. ಅದರ ನಾಕನೇ ಬೆರಳು ಅಷ್ಟುದ್ದ ಬೆಳದಿರ್ತದ, ಚರ್ಮದ ಪರದೆ ಆ ಒಂದೇ ಬೆರಳಿಂದ ಮೈ ತನಕ ಬಿಗದಿರ್ತದ. ಬಾವಲಿಗೆ ನಾಕು ಬೆರಳು ಕೆಲಸ ಮಾಡ್ತಾವ, ಇದಕ್ಕ ಒಂದೇ. ಅದನ್ನ ಬರೀರಿ.

ಆಳಂದ್_ಹುಡುಗ
ನೀರಾಗ ಇರೋ ಉದ್ದ ಕುತ್ತಿಗಿದು? ಅದೂ ಡೈನೋಸಾರ್ ಅಲ್ಲೇನು?

ಎರೆಮಣ್ಣು
ಅಲ್ಲ ತಮ್ಮಾ. ಪ್ಲೆಸಿಯೊಸಾರ್, ಮೊಸಾಸಾರ್, ಇಕ್ತಿಯೊಸಾರ್ ಮೂರೂ ಸಮುದ್ರದ ಸರೀಸೃಪ. ಬೆನ್ನ ಮ್ಯಾಲೆ ಹಾಯಿ ಇರೋ ಡೈಮೆಟ್ರೊಡಾನ್ ಅಂತೂ ಡೈನೋಸಾರಿಗಿಂತ ನಮಗೇ ಹತ್ತಿರ, ಸಸ್ತನಿಗಳ ಕವಲಿನದು. ಮೊದಲನೇ ಡೈನೋಸಾರ್ ಹುಟ್ಟೂಕಿಂತ ಸುಮಾರು 4 ಕೋಟಿ ವರ್ಷ ಮೊದಲೇ ಅದು ಮುಗದು ಹೋಗಿತ್ತು. ಆದ್ರೂ ಅಂಗಡಿಯಾಗ ಸಿಗೋ ಪ್ರತಿ ಪ್ಲಾಸ್ಟಿಕ್ ಡೈನೋಸಾರ್ ಪಾಕೀಟಿನಾಗ ಅದು ಇದ್ದೇ ಇರ್ತದ.

ಅಕ್ಕೋರು_ಚಿತ್ತಾಪುರ
1ನೇದರಲ್ಲಿ ಅರ್ಧ ಸರಿ. ಮೂರು ಹೃದಯ ನಿಜ: ಎರಡು ಕಿವಿರಿಗೆ ರಕ್ತ ತಳ್ಳುತ್ತವೆ, ಮೂರನೆಯದು ಮೈಗೆಲ್ಲ. ಈಜುವಾಗ ಆ ಮೂರನೆಯದು ನಿಂತುಬಿಡುತ್ತದೆ. ಅದಕ್ಕೇ ಆಕ್ಟೋಪಸ್ ಈಜುವುದಕ್ಕಿಂತ ತೆವಳುವುದೇ ಹೆಚ್ಚು. ರಕ್ತ ನೀಲಿ, ಏಕೆಂದರೆ ಆಮ್ಲಜನಕ ಹೊರುವ ಹಿಮೊಸಯನಿನ್‌ನಲ್ಲಿ ಕಬ್ಬಿಣದ ಬದಲು ತಾಮ್ರವಿದೆ.

ಒಂಬತ್ತು ಮೆದುಳು ಅನ್ನುವುದು ಮಾತಿನ ಅಲಂಕಾರ. ಮೆದುಳು ಒಂದೇ. ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಭಾಗ ಎಂಟು ತೋಳುಗಳಲ್ಲಿ ಹಂಚಿಕೊಂಡಿವೆ, ಹೀಗಾಗಿ ತೋಳು ತಾನೇ ಮುಟ್ಟಿ, ರುಚಿ ನೋಡಿ ಕೆಲಸ ಮಾಡಬಲ್ಲದು. "ಆಕ್ಟೋಪಸ್ಸಿನ ತೋಳೇ ರುಚಿ ನೋಡುತ್ತದೆ" ಎಂದು ಬರೆಯಿರಿ. ಮಕ್ಕಳು ಅದಕ್ಕೇ ಹೆಚ್ಚು ಬಾಯಿ ಬಿಡುತ್ತಾರೆ.

2 ಬೇಡ. ಕೆನಡಾದಲ್ಲಿ 2014ರಲ್ಲಿ ದಡಕ್ಕೆ ಬಂದ ಸತ್ತ ನೀಲಿ ತಿಮಿಂಗಿಲದ ಹೃದಯವನ್ನು ತೆಗೆದು, ಕೆಡದಂತೆ ಕಾದಿಟ್ಟು, ಟೊರೊಂಟೊ ಮ್ಯೂಸಿಯಂನಲ್ಲಿ ಪ್ರದರ್ಶಿಸಿದರು. ತೂಕ ಸುಮಾರು 180 ಕಿಲೋ. ಕಾರು ಸಾವಿರ ಕಿಲೋ ದಾಟುತ್ತದೆ.

ಬೀದರ್_ಕಿಲ್ಲಾ
180 ಕಿಲೋ ಅಂದ್ರೂ ಮಕ್ಕಳಿಗಿ ತಿಳೀಬೇಕಲ್ರಿ ಅಕ್ಕೋರೆ. 60 ಕಿಲೋದ ಮೂರು ಮಂದಿ ದೊಡ್ಡೋರು ಕೂಡಿದ ತೂಕ ಅಂತ ಬರೀರಿ. ಸುಳ್ಳೂ ಆಗಂಗಿಲ್ಲ, ಲೆಕ್ಕಾನೂ ಬರ್ತದ.

ತೊಗರಿನಾಡು
9 ಮೆದುಳು ತೆಗೀಬ್ಯಾಡ್ರಿ. ಮಕ್ಕಳಿಗಿ ಕುತೂಹಲ ಹುಟ್ಟಿದ್ರ ಸಾಕು, ಅಷ್ಟು ಕೂದಲು ಸೀಳೋದು ಯಾಕ?

ಅಕ್ಕೋರು_ಚಿತ್ತಾಪುರ
ನಿಜವಾದದ್ದೇ ಅಷ್ಟು ವಿಚಿತ್ರ ಇರುವಾಗ ಸುಳ್ಳಿಗೆ ಯಾಕೆ ಹೋಗಬೇಕು ಸರ್? ಗೋಡೆ ಮೇಲೆ ಬರೆದದ್ದನ್ನು ಮಕ್ಕಳು ಕ್ವಿಜ್‌ಗೆ ಉರು ಹೊಡೆಯುತ್ತಾರೆ. ಹತ್ತನೇತ್ತೆಗೆ ಹೋದ ಮೇಲೆ ಅದನ್ನು ಬಿಡಿಸುವ ಕೆಲಸ ಯಾರದ್ದು?

ತೊಗರಿನಾಡು
ಆಯ್ತು ಬಿಡ್ರಿ, ತೋಳಿನ ರುಚೀನೇ ಇರ್ಲಿ.

ಕೃಷ್ಣಾಭೀಮಾ
6ರ ಬಗ್ಗೆ. ವಾಸುಕಿ ಇಂಡಿಕಸ್ ಕಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ್ದು. ವಿವರಣೆ ಪ್ರಕಟವಾದದ್ದು 2024ರಲ್ಲಿ, ಐಐಟಿ ರೂರ್ಕಿಯವರಿಂದ. ಸಿಕ್ಕದ್ದು ಬೆನ್ನುಮೂಳೆಯ 27 ಮಣಿ ಅಷ್ಟೇ. ತಲೆ ಸಿಕ್ಕಿಲ್ಲ, ಬಾಲವೂ ಇಲ್ಲ. ಮಣಿಯ ಅಗಲದಿಂದ ಲೆಕ್ಕ ಹಾಕಿದ ಉದ್ದ 10.9ರಿಂದ 15.2 ಮೀಟರ್, ಎರಡು ಬೇರೆ ಬೇರೆ ಲೆಕ್ಕದ ಪದ್ಧತಿಯಿಂದ ಬಂದ ವ್ಯಾಪ್ತಿ ಅದು. ಪೇಪರಿನವರು ದೊಡ್ಡ ಅಂಕಿ ಎತ್ತಿಕೊಂಡರು. ಕೊಲಂಬಿಯಾದಲ್ಲಿ ಸಿಕ್ಕ ಟೈಟನೊಬೋವಾ ಎಂಬ ಹಳೆಯ ಹಾವು ಸುಮಾರು 13 ಮೀಟರ್, ಒಂದು ಟನ್ ಮೇಲೆ ತೂಕ. ಹೀಗಾಗಿ "ಅತಿ ದೊಡ್ಡ" ಅನ್ನಬೇಡಿ, "ಅತಿ ದೊಡ್ಡ ಹಾವುಗಳಲ್ಲಿ ಒಂದು, 11ರಿಂದ 15 ಮೀಟರ್" ಅನ್ನಿ. ವಯಸ್ಸು 4.7 ಕೋಟಿ ವರ್ಷ, ಅಂದರೆ ಡೈನೋಸಾರ್ ಮುಗಿದ ಮೇಲಿನದು.

ಡೈನೋಸಾರ್ ಜೊತೆಗಿದ್ದ ಹಾವು ಬೇಕಾದರೆ ಗುಜರಾತಿನದೇ ಸನಾಜೆ ಇದೆ. ಉದ್ದ ಮೂರೂವರೆ ಮೀಟರ್. ಡೈನೋಸಾರ್ ಗೂಡಿನಲ್ಲಿ, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡಿದ್ದಾಗಲೇ ಮಣ್ಣು ಕುಸಿದು ಕಲ್ಲಾಗಿದೆ. ಪಕ್ಕದಲ್ಲಿ ಆಗಷ್ಟೇ ಹೊರಬಂದ ಮರಿಯ ಎಲುಬೂ ಇವೆ. 2010ರಲ್ಲಿ ಹೆಸರಿಟ್ಟರು. ಇಡೀ ಗೋಡೆಯಲ್ಲಿ ಒಂದೇ ಚಿತ್ರಕ್ಕೆ ಜಾಗ ಇದ್ದರೂ ನಾನು ಇದನ್ನೇ ಬರೆಸೆಂದು ಹೇಳುತ್ತೇನೆ.

ಆಳಂದ್_ಹುಡುಗ
ಹಾವಿನ ಮಾತು ಬಂತಂತ ಕೇಳ್ತೀನಿ. ಎರಡು ತಲಿ ಹಾವು ಅಂತ ನಮ್ಮ ಕಡೆ ಹೊಲದಾಗ ಸಿಗ್ತದಲ್ರಿ, ಅದನ್ನ ಫಲಕಕ್ಕ ಹಾಕಬಹುದಾ?

ಎರೆಮಣ್ಣು
ಹಾಕಬಹುದು. ಹಾಕಲೇಬೇಕು. ಅದು ಮಣ್ಣುಮುಕ್ಕ. ತಲಿ ಒಂದೇ, ಬಾಲದ ತುದಿ ಮೊಂಡ ಇರೋದ್ರಿಂದ ಎರಡನೇ ತಲಿ ಅನ್ನಿಸ್ತದ. ಯಾರಾದ್ರೂ ಕೆಣಕಿದ್ರ ತಲಿ ಅಡಿಗಿ ಮುಚ್ಚಿಕೊಂಡು ಬಾಲ ಮ್ಯಾಲೆತ್ತಿ ತೋರಸ್ತದ. ಕಚ್ಚೋದಾದ್ರ ಬಾಲಕ್ಕ ಕಚ್ಚಲಿ ಅಂತ. ವಿಷ ಇಲ್ಲ, ಇಲಿ ತಿಂತದ, ಹೊಲಕ್ಕ ಒಳ್ಳೇದು. "ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ನಡೀತದ" ಅನ್ನೋದು ಪೂರಾ ಸುಳ್ಳು. ಅದೃಷ್ಟ, ನಿಧಿ ಅಂತ ಹೇಳಿ ಲಕ್ಷಗಟ್ಟಲೆ ರೊಕ್ಕಕ್ಕ ಮಾರೋ ದಂಧೆ ಇದರ ಮ್ಯಾಲೇ ನಡೀತದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯೋದು, ಇಟ್ಟುಕೊಳ್ಳೋದು, ಮಾರೋದು ಎಲ್ಲಾ ಅಪರಾಧ. ಮಕ್ಕಳಿಗಿ ತೋರಸಲಿಕ್ಕಂತ ಡಬ್ಬಿಯಾಗ ಹಾಕ್ಕೊಂಡು ಬರಬ್ಯಾಡ್ರಿ ಮತ್ತ.

ತೊಗರಿನಾಡು
ಪಂಚಮಿಗೆ ಹಾಲೆರೆಯೋದೂ ಒಂದು ಸಾಲು ಬರೀರಿ ಹಂಗಾದ್ರ.

ಬೀದರ್_ಕಿಲ್ಲಾ
ಬರೀಬ್ಯಾಡ್ರಿ, ಊರಾಗ ಜಗಳ ಹತ್ತತದ.

ಎರೆಮಣ್ಣು
ಜಗಳ ಆಗದಂಗ ಬರೀಲಿಕ್ಕ ಬರ್ತದ: "ಹಾವಿಗೆ ಹಾಲು ಜೀರ್ಣ ಆಗಂಗಿಲ್ಲ, ಮರಿಗೆ ಹಾಲೂಡಿಸೋದು ಸಸ್ತನಿ ಮಾತ್ರ." ಇಷ್ಟೇ. ಹಬ್ಬದ ಹೆಸರು ತೆಗಿಯೋದೇ ಬ್ಯಾಡ. ಹುತ್ತದ ಮಣ್ಣಿನ ನಾಗಪ್ಪಗ ಎರದ್ರ ಹಾವಿಗಿ ಏನೂ ತ್ರಾಸಿಲ್ಲ. ನೀರು ಕೊಡದ ಇಟ್ಟ ಹಾವಿನ ಬಾಯಿಗಿ ಹಾಲು ಹಿಡಿಯೋದು ತಪ್ಪು.

ಅಕ್ಕೋರು_ಚಿತ್ತಾಪುರ
ಮತ್ತೆ ಪಟ್ಟಿಗೆ ಬರೋಣ. 7: ಮ್ಯಾಂಟಿಸ್ ಸೀಗಡಿಯ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು 12 ಬಗೆ, ನಮ್ಮಲ್ಲಿ 3. ಅದನ್ನು ಭಾಗಿಸಿ "ನಾಲ್ಕು ಪಟ್ಟು" ಮಾಡಿದ್ದಾರೆ. 2014ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಹತ್ತಿರಹತ್ತಿರದ ಬಣ್ಣಗಳನ್ನು ಬೇರೆ ಮಾಡುವುದರಲ್ಲಿ ಅದು ಮನುಷ್ಯನಿಗಿಂತ ಹಿಂದೆ. ಅದರ ನಿಜವಾದ ದೊಡ್ಡಸ್ತಿಕೆ ಗುದ್ದಿನಲ್ಲಿದೆ. ನವಿಲು ಬಣ್ಣದ ಜಾತಿಯ ಗುದ್ದು ಸೆಕೆಂಡಿಗೆ 23 ಮೀಟರ್ ವೇಗ ಮುಟ್ಟುತ್ತದೆ, ಗಂಟೆಗೆ 80 ಕಿ.ಮೀ. ಮೇಲೆ, ಅದೂ ನೀರಿನೊಳಗೆ. ಆ ವೇಗಕ್ಕೆ ನೀರಲ್ಲಿ ಗುಳ್ಳೆ ಹುಟ್ಟಿ ಒಡೆದು ಬೇಟೆಗೆ ಎರಡನೇ ಏಟು ಬೀಳುತ್ತದೆ.

8 ಪೂರ್ತಿ ಸರಿ. ಆದರೆ ಕಾರಣ ಬರೆಯಿರಿ. ಮಕ್ಕಳು ಮೊದಲು ಕೇಳುವುದೇ "ಮಲದ್ವಾರ ಚೌಕಾಗಿ ಇರ್ತದೇನು ಟೀಚರ್" ಅಂತ. ಇಲ್ಲ. ಕರುಳಿನ ಕೊನೆಯ ಭಾಗದ ಗೋಡೆ ಎಲ್ಲ ಕಡೆ ಒಂದೇ ಸಮ ಬಿಗಿ ಇರುವುದಿಲ್ಲ, ಕೆಲವು ಪಟ್ಟಿ ಗಟ್ಟಿ, ಕೆಲವು ಸಡಿಲ. ಅದು ಹಿಂಡಿದಾಗ ಒಣಗಿದ ಹಿಕ್ಕೆಗೆ ಮೂಲೆಗಳು ಬರುತ್ತವೆ. 2019ರಲ್ಲಿ ಈ ಸಂಶೋಧನೆಗೆ ಇಗ್ ನೊಬೆಲ್ ಸಿಕ್ಕಿದೆ, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಕೊಡುವ ಪ್ರಶಸ್ತಿ.

ಕೃಷ್ಣಾಭೀಮಾ
3, ನೀರುಕರಡಿ. ಇದಕ್ಕೆ ಬರೀ ಸಾಲು ಬೇಡ, ಮಕ್ಕಳೇ ಹುಡುಕಿ ನೋಡಬಹುದು.

ಮೊದಲು ತಪ್ಪು ಸರಿ ಮಾಡೋಣ. ಸಾಯುವುದಿಲ್ಲ ಅನ್ನುವುದು ಸುಳ್ಳು. ಒಣಗಿ, ಕಾಲು ಒಳಗೆ ಎಳೆದುಕೊಂಡು ಮುದುಡಿದ ಸ್ಥಿತಿಯಲ್ಲಿ ಮಾತ್ರ ಅದು ಗಟ್ಟಿ. 2007ರಲ್ಲಿ ಫೋಟಾನ್-ಎಂ3 ನೌಕೆಯಲ್ಲಿ ಕಳಿಸಿದಾಗ ಬಾಹ್ಯಾಕಾಶದ ನಿರ್ವಾತ ತಾಳಿಕೊಂಡು ಬಂದದ್ದು ಹಾಗೆ ಒಣಗಿದವು. ನೀರಲ್ಲಿ ಓಡಾಡಿಕೊಂಡಿರುವಾಗ ಅದು ಬಹಳ ಸೂಕ್ಷ್ಮ. ಡೆನ್ಮಾರ್ಕಿನಲ್ಲಿ ಹಿಡಿದ ಒಂದು ಜಾತಿಯನ್ನು 37.1 ಡಿಗ್ರಿ ನೀರಲ್ಲಿ 24 ತಾಸು ಇಟ್ಟಾಗ ಅರ್ಧಕ್ಕರ್ಧ ಸತ್ತವು ಎಂದು 2020ರ ಸಂಶೋಧನೆ. ನಮ್ಮ ಮೇ ತಿಂಗಳ 42 ಡಿಗ್ರಿಗೆ ಅದು ಒಣಗಿ ಮಲಗಿರುವುದೇ ಮೇಲು.

ಹುಡುಕುವ ಬಗೆ:
ಮಾಳಿಗೆ, ಕಾಂಪೌಂಡ್ ಗೋಡೆ ಮೇಲಿನ ಮೆತ್ತನೆ ಹಸಿರು ಪಾಚಿ (ನೀರಲ್ಲಿ ತೇಲುವ ಲೋಳೆ ಪಾಚಿ ಅಲ್ಲ) ರೂಪಾಯಿ ನಾಣ್ಯದಷ್ಟು ತೆಗೆಯಿರಿ. ಬೇಸಿಗೆಯಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ನಡೆಯುತ್ತದೆ. ಬುಡದ ಮಣ್ಣು ಕೊಡವಿ, ತಲೆಕೆಳಗಾಗಿ ಒಂದು ಬಟ್ಟಲಲ್ಲಿಟ್ಟು ಮುಳುಗುವಷ್ಟು ಮಳೆನೀರು ಹಾಕಿ. 12ರಿಂದ 24 ತಾಸು ಬಿಡಿ. ಒಣಗಿದ್ದು ಮತ್ತೆ ನೀರು ಕುಡಿದು ಕಾಲು ಚಾಚಲು ಅಷ್ಟು ಹೊತ್ತು ಬೇಕು. ಆಮೇಲೆ ಪಾಚಿಯನ್ನು ಅದೇ ಬಟ್ಟಲಿಗೆ ಹಿಂಡಿ, ಐದು ನಿಮಿಷ ತಳಕ್ಕೆ ಇಳಿಯಲು ಬಿಟ್ಟು, ತಳದ ನೀರನ್ನು ಡ್ರಾಪರ್‌ನಿಂದ ಗಾಜಿನ ತಟ್ಟೆಗೆ ಹಾಕಿ 40 ಪಟ್ಟು ಹಿಗ್ಗಿಸಿ ನೋಡಿ. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು, ನಾಲ್ಕು ಜೊತೆ ಮೊಂಡು ಕಾಲು, ನಿಧಾನದ ನಡಿಗೆ.

ಕೆಡುವುದು ಎಲ್ಲಿ? ಒಂದು, ಕ್ಲೋರಿನ್ ಇರುವ ನಲ್ಲಿ ನೀರು. ಎರಡು, ಮೇಲೆ ಗಾಜಿನ ತುಣುಕು ಮುಚ್ಚಿ ಒತ್ತಿ ಅಪ್ಪಚ್ಚಿ ಮಾಡುವುದು. ಮೂರು, ದಾರದ ಹಾಗೆ ಹೊರಳಾಡುವ ಜಂತುವನ್ನೇ ನೀರುಕರಡಿ ಅಂದುಕೊಳ್ಳುವುದು. ಕಾಲು ಎಣಿಸಿ, ಎಂಟು ಇದ್ದರೆ ಮಾತ್ರ ಅದು.

ಬೀದರ್_ಕಿಲ್ಲಾ
ಒಂದು ಮಾತು ಸೇರಸ್ತೀನಿ. ಕಿಲ್ಲಾದ ಗೋಡಿ, ಗುಂಬಜ್, ಹಳೇ ಬಾವಡಿ ಮ್ಯಾಲಿನ ಪಾಚಿ ಕೆರೀಬ್ಯಾಡ್ರಿ. ಸಂರಕ್ಷಿತ ಸ್ಮಾರಕ ಅವು, ಪಾಚಿ ಜೋಡಿ ಗಚ್ಚೂ ಬರ್ತದ. ಶಾಲಿ ಮಾಳಿಗಿ ಸಾಕಾಗ್ತದ.

ಆಳಂದ್_ಹುಡುಗ
ಡೈನೋಸಾರ್ ಮೊಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಆಳಂದ, ಬಸವಕಲ್ಯಾಣ ಕಡೆ ಹೊಲದಾಗ ಗುಂಡನ್ನ ಕಲ್ಲು ಭಾಳ ಸಿಗ್ತಾವ, ಮ್ಯಾಲಿನ ಸಿಪ್ಪಿ ಪದರು ಪದರಾಗಿ ಬಿಡ್ತದ. ಅವು ಮೊಟ್ಟಿ ಅಂತ ಒಂದು ವೀಡಿಯೊ ಓಡಾಡ್ಲಕತ್ತದ.

ಫರ್ಸಿಕಲ್ಲು
ಮೊಟ್ಟಿ ಅಲ್ಲ. ಅದು ಕರಿಕಲ್ಲು, ಬಸಾಲ್ಟ್. ಆರಿದ ಲಾವಾ. ಸಾವಿರ ಡಿಗ್ರಿ ಮೀರಿದ ಲಾವಾದೊಳಗ ಮೊಟ್ಟಿ ಉಳಿಯೂದು ಹೆಂಗ?

ಲಾವಾ ಆರಿದಾಗ ಬಿರುಕು ಬಿಟ್ಟು ಗಡ್ಡಿ ಗಡ್ಡಿ ಆಗ್ತದ. ಬಿರುಕಿನಾಗ ಮಳಿನೀರು ಇಳೀತದ. ಮೂಲಿಗೆ ಮೂರು ಕಡೆಯಿಂದ ನೀರು ಹತ್ತತದ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕ ಒಂದೇ ಕಡೆಯಿಂದ. ಹಂಗಾಗಿ ಮೂಲಿ ಮೊದಲು ಸವದು, ನಡುವಿನ ಗಟ್ಟಿ ಗುಂಡು ಉಳೀತದ, ಅದರ ಸುತ್ತ ಉಳ್ಳಾಗಡ್ಡಿ ಸಿಪ್ಪಿ ಹಂಗ ಪದರು ಬಿಡ್ತಾವ. ರಸ್ತೆಕ್ಕ ಕಡದ ಗುಡ್ಡದ ಗೋಡಿ ನೋಡ್ರಿ, ಗುಂಡು ಇನ್ನಾ ಒಳಗ ಕುಂತಿದ್ದು ಸಾಲಾಗಿ ಕಾಣ್ತಾವ.

ಖರೆ ಮೊಟ್ಟಿ ಗುರುತು: ಒಂದು, ಗಾತ್ರ ಹೆಚ್ಚುಕಡಿಮಿ ಒಂದೇ ಇರ್ತದ. ಮಧ್ಯಪ್ರದೇಶದ ಧಾರ್ ಜಿಲ್ಲೆಯಾಗ ಸಿಕ್ಕ ಟೈಟನೊಸಾರ್ (ಉದ್ದ ಕುತ್ತಿಗಿ ಡೈನೋಸಾರ್) ಮೊಟ್ಟಿ 15ರಿಂದ 17 ಸೆಂ.ಮೀ. ಅಡ್ಡಳತಿ. ನಿಮ್ಮ ಹೊಲದಾಗಿನವು ಅಂಗೈಯಷ್ಟರಿಂದ ಆಳೆತ್ತರದ ತನಕ ಇರ್ತಾವ. ಎರಡು, ಚಿಪ್ಪು ಕೆಲವೇ ಮಿಲಿಮೀಟರ್ ದಪ್ಪ, ಮ್ಯಾಲೆ ಸಣ್ಣ ಗುಳ್ಳಿ ಗುಳ್ಳಿ. ಅದೂ ಒಂದೇ ಪದರು. ಒಳಗ ಮತ್ತ ಪದರು ಬಂದ್ರ ಮೊಟ್ಟಿ ಅಲ್ಲ. ಮೂರು, ಸುತ್ತಲಿನ ಕಲ್ಲು ಕೆಸರು ಮರಳಿಂದ ಆದದ್ದು ಇರಬೇಕು, ಲಾವಾ ಅಲ್ಲ. ನಾಕು, ಒಂದೊಂದೇ ಸಿಗೋದು ಕಡಿಮಿ, ಗೂಡಿನಾಗ ಹತ್ತಿರ ಹತ್ತಿರ ಇರ್ತಾವ. ಧಾರ್‌ನಾಗ 92 ಗೂಡು, 256 ಮೊಟ್ಟಿ ಲೆಕ್ಕ ಹಾಕ್ಯಾರ, 2023ರಾಗ ಪ್ರಕಟ ಆಗ್ಯದ.

ಕೃಷ್ಣಾಭೀಮಾ
ಅದೇ ಧಾರ್ ಕಡೆ ಹಳ್ಳಿಯವರು ಆ ಮೊಟ್ಟೆಗಳನ್ನೇ ಕುಲದೇವರೆಂದು ಪೂಜೆ ಮಾಡುತ್ತಿದ್ದ ಸುದ್ದಿ ಬಂದಿತ್ತಲ್ಲ, ಹೊಲ ಜಾನುವಾರು ಕಾಯುವ ಭೈರವ ಅಂತ. ಅದೂ ಫಲಕಕ್ಕೆ ಚೆನ್ನ.

ತೊಗರಿನಾಡು
ಫರ್ಸಿಕಲ್ಲು ಸರ, ಶಹಾಬಾದ್ ಫರ್ಸಿ ಒಡದಾಗ ನಡುವ ಕಪ್ಪನ್ನ ಗಿಡದ ಟೊಂಗಿ ಹಂಗ ಚಿತ್ರ ಇರ್ತದಲ್ರಿ. ಅದು ಸಸ್ಯದ ಪಳೆಯುಳಿಕೆ ಹೌದೋ ಅಲ್ಲೋ?

ಫರ್ಸಿಕಲ್ಲು
ಅಲ್ರಿ. ಮ್ಯಾಂಗನೀಸ್ ಕಲೆ. ಪದರಿನ ಸಂದಿನಾಗ ನೀರು ಹರದು ಖನಿಜ ಕವಲು ಕವಲಾಗಿ ಕೂಡ್ತದ. ಎಲಿ ಆಗಿದ್ರ ನಡುವ ನರ, ಕಾಂಡ, ಒಂದು ಕ್ರಮ ಇರ್ತದ. ಇದರಾಗ ಕವಲು ಮನಸ್ಸಿಗಿ ಬಂದಂಗ ಒಡದಿರ್ತಾವ, ಬಿರುಕಿನ ಅಂಚಿಂದಲೇ ಶುರು ಆಗಿರ್ತಾವ.

ಮತ್ತ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಇರೋ ಸುಣ್ಣದಕಲ್ಲು ಭೀಮಾ ಕಣಿವಿದು, ಪ್ರಾಣಿಗಳಿಗಿ ಎಲುಬು ಹುಟ್ಟೂ ಮೊದಲಿನದು. ಅದರಾಗ ಡೈನೋಸಾರ್ ಹುಡುಕೋದು ವ್ಯರ್ಥ. ಸುಣ್ಣದಕಲ್ಲು ಹೌದೋ ಅಲ್ಲೋ ನೋಡಲಿಕ್ಕ ನಿಂಬಿಹಣ್ಣಿನ ರಸದ ಎರಡು ಹನಿ ಹಾಕಿ ಬೆಳಕಿಗೆ ಹಿಡೀರಿ, ಸಣ್ಣ ಗುಳ್ಳಿ ಏಳ್ತಾವ. ಮೊದಲು ಮೊಳಿಯಿಂದ ಒಂದಿಷ್ಟು ಗೀಚಿ ಪುಡಿ ಮಾಡಿಕೊಂಡ್ರ ಚಂದ ಕಾಣ್ತದ. ಕರಿಕಲ್ಲಿನ ಮ್ಯಾಲೆ ಹಾಕಿದ್ರ ಏನೂ ಆಗಂಗಿಲ್ಲ.

ಆಳಂದ್_ಹುಡುಗ
ಅಂದ್ರ ನಮ್ಮ ಮೂರೂ ಜಿಲ್ಲೆಯಾಗ ಡೈನೋಸಾರ್ ಕಾಲದ್ದು ಏನೂ ಇಲ್ಲ?

ಗುರುಮಠಕಲ್_ಮಗ್ಗ
ಯಾಕಿಲ್ಲ? ಲಾವಾ ಒಮ್ಮಿಗೇ ಹರದದ್ದಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷ ಬಿಡುವು ಇರುತ್ತಿತ್ತು, ಆಗ ಕೆರೆ ಕುಂಟೆ ನಿಲ್ಲುತ್ತಿದ್ದವು. ಅವುಗಳ ಕೆಸರು ಮುಂದಿನ ಲಾವಾದ ಕೆಳಗೆ ಸಿಕ್ಕು ಪದರವಾಗಿ ಉಳಿದಿದೆ. ಗುರುಮಠಕಲ್ ಸುತ್ತಿನ ಅಂಥ ಪದರಗಳಿಂದ ಆಸ್ಟ್ರಕಾಡ್ ಪಳೆಯುಳಿಕೆ ವರದಿಯಾಗಿವೆ. ಸೀಗಡಿ ಬಳಗದ ಜೀವಿ, ಸುಮಾರು 1 ಮಿ.ಮೀ., ಮೈ ಎರಡು ಚಿಪ್ಪಿನೊಳಗೆ. ಕಾರಾಫೈಟ್ ಅನ್ನುವ ನೀರುಸಸ್ಯದ ಬೀಜದಂಥ ಭಾಗಗಳೂ ಸಿಕ್ಕಿವೆ. ಡೈನೋಸಾರ್ ಬದುಕಿದ್ದ ಕಡೆಗಾಲದ ಕೆರೆ ಅದು.

ಇದರ ಮಜಾ ಏನಂದರೆ ಆಸ್ಟ್ರಕಾಡ್ ಈಗಲೂ ನಮ್ಮ ಕೆರೆ, ಬಾವಿಯಲ್ಲಿದೆ. ಚಹಾ ಸೋಸುವ ಜಾಲರಿಯನ್ನು ಕೆರೆ ಅಂಚಿನ ಜೊಂಡಿನ ಬುಡದಲ್ಲಿ ಮೆಲ್ಲಗೆ ಎಳೆದು, ಬಿಳಿ ತಟ್ಟೆಯಲ್ಲಿ ತೊಳೆದು ಎರಡು ನಿಮಿಷ ಅಲುಗಿಸದೆ ಇಟ್ಟರೆ ಗುಂಡಗೆ ಕಂದು ಚುಕ್ಕಿ ಎಡೆಬಿಡದೆ ಓಡಾಡುವುದು ಕಾಣುತ್ತದೆ. ಕೆಸರು ಕಲಕಿದರೆ ಏನೂ ಕಾಣುವುದಿಲ್ಲ, ಅಂಚಿನ ನೀರೇ ಸಾಕು. ಮಕ್ಕಳ ಜೊತೆ ದೊಡ್ಡವರೊಬ್ಬರು ದಡದಲ್ಲಿ ಇರಲಿ.

ಎರೆಮಣ್ಣು
ವಾಹ್. ಈ ಗೋಡಿಗಿ ಟಿ. ರೆಕ್ಸ್‌ಗಿಂತ ಇದೇ ದೊಡ್ಡದು.

ಬೀದರ್_ಕಿಲ್ಲಾ
ಎಲುಬೇ ನೋಡಬೇಕಂದ್ರ ಹೈದರಾಬಾದಿನ ಬಿರ್ಲಾ ಸೈನ್ಸ್ ಮ್ಯೂಸಿಯಂನಾಗ ಕೋಟಾಸಾರಸ್ ಅನ್ನೋ ಡೈನೋಸಾರ್ ಅದ, ಸುಮಾರು 9 ಮೀಟರ್. ತೆಲಂಗಾಣದ ಯಾಮನಪಲ್ಲಿಯಿಂದ ಬಂದದ್ದು. ಬೀದರದಿಂದ ಬೆಳಿಗ್ಗಿ ಹೋಗಿ ಸಂಜಿಗಿ ಬರಬಹುದು. ಬಂಡಿ ಹತ್ತೂ ಮೊದಲೇ ಮಕ್ಕಳಿಗಿ ಹೇಳ್ರಿ: ಹಲವು ಪ್ರಾಣಿಗಳ ಬಿಡಿ ಎಲುಬು ಜೋಡಿಸಿ ನಿಲ್ಲಿಸ್ಯಾರ, ತಲಿಬುರುಡಿ ಸಿಕ್ಕಿಲ್ಲ, ಅಲ್ಲಿರೋ ತಲಿ ಮಾಡಿಟ್ಟದ್ದು. ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಾಗಿರೋ ಬಾರಾಪಾಸಾರಸ್ ಟಾಗೋರೈಗೂ ತಲಿಬುರುಡಿ ಇಲ್ಲ. ಅದರ ಹೆಸರಿನಾಗ ರವೀಂದ್ರನಾಥ ಟಾಗೋರರು ಅದಾರ, ಎಲುಬು ತೆಗದದ್ದು ಅವರ ಜನ್ಮಶತಾಬ್ದಿ ವರ್ಷದಾಗ.

ತೊಗರಿನಾಡು
ಹಂಗಾದ್ರ ಡೈನೋಸಾರ್ ಕೊಂದದ್ದು ನಮ್ಮ ಕರಿಕಲ್ಲೇ ಅನ್ರಿ!

ಫರ್ಸಿಕಲ್ಲು
ಪೂರಾ ಅಲ್ಲ. ಮೆಕ್ಸಿಕೋದ ಚಿಕ್ಸುಲೂಬ್‌ಗೆ ಬಿದ್ದ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹವೇ ಮುಖ್ಯ ಕಾರಣ ಅನ್ನೋರು ಹೆಚ್ಚು. ದಖನ್ ಲಾವಾ ಅದಕ್ಕೂ ಮೊದಲು ಶುರುವಾಗಿ ಆಮ್ಯಾಲೂ ಹರಿದದ. ಅದು ಹವಾಮಾನ ಎಷ್ಟು ಕೆಡಿಸ್ತು ಅನ್ನೋದರ ಮ್ಯಾಲೆ ವಾದ ನಡದದ. ಈಗ ಉಳಿದ ಲಾವಾದ ಹರವೇ ಸುಮಾರು 5 ಲಕ್ಷ ಚದರ ಕಿ.ಮೀ. ಅದರ ತೆಂಕಣ ಅಂಚಿನ ಮ್ಯಾಲೆ ನಾವು ಕುಂತೀವಿ.

ಜೇವರ್ಗಿ_ಪುಸ್ತಕಮನೆ
ಭಾಳ ಉಪಕಾರ್ರಿ. ಈಗ ಎರಡು ಪ್ರಶ್ನಿ. 6 ಮೀಟರ್ ಗೋಡಿ ಮ್ಯಾಲೆ ಇಷ್ಟು ಕಾಲ ಹೆಂಗ ಜೋಡಸೋದು? ಮತ್ತ ಅಂಗಳದಾಗ ಟಿ. ರೆಕ್ಸ್ ಖರೆ ಅಳತಿ ಬಿಡಸಬಹುದಾ?

ಕೃಷ್ಣಾಭೀಮಾ
ಗೋಡೆಗೆ 1 ಸೆಂಟಿಮೀಟರ್ = 10 ಲಕ್ಷ ವರ್ಷ. ಬಲತುದಿ ಈಗಿನದು, ಅಲ್ಲಿಂದ ಎಡಕ್ಕೆ ಅಳೆಯಿರಿ:
ನಮ್ಮ ಮನುಷ್ಯ ಜಾತಿ ಹುಟ್ಟಿ 3 ಲಕ್ಷ ವರ್ಷ: 3 ಮಿ.ಮೀ.
ಹುಣಸಗಿ ಹತ್ತಿರದ ಇಸಾಂಪುರದ ಕಲ್ಲಿನ ಕೊಡಲಿಗಳು, ಸುಮಾರು 12 ಲಕ್ಷ ವರ್ಷ: 1.2 ಸೆಂ.ಮೀ. (ಆಗಿನ ಆದಿಮಾನವರು ನಮ್ಮ ಜಾತಿಯವರಲ್ಲ. ಅಲ್ಲೇ ಸಿಕ್ಕ ಮೇಯುವ ಪ್ರಾಣಿಗಳ ಹಲ್ಲಿನ ಹೊಳಪುಪದರದಿಂದ ಆ ಕಾಲ ಲೆಕ್ಕ ಹಾಕಿದ್ದು.)
ಮೆಗಲೊಡಾನ್ ಕೊನೆ: 3.6 ಸೆಂ.ಮೀ.
ವಾಸುಕಿ: 47 ಸೆಂ.ಮೀ.
ಡೈನೋಸಾರ್ ಕೊನೆ, ದಖನ್ ಲಾವಾ, ಗುರುಮಠಕಲ್ ಕೆರೆ: 66 ಸೆಂ.ಮೀ. ಸುತ್ತಮುತ್ತ
ಟಿ. ರೆಕ್ಸ್: 66ರಿಂದ 68
ಸ್ಟೆಗೊಸಾರಸ್ (ಇನ್ನೊಂದು ಡೈನೋಸಾರ್): 1.5 ಮೀಟರ್
ಡೈಮೆಟ್ರೊಡಾನ್: 2.8 ಮೀಟರ್
70 ಸೆಂ.ಮೀ. ರೆಕ್ಕೆಯ ಏರೋಪ್ಲೇನ್ ಚಿಟ್ಟೆ ಬಳಗದ ಮೆಗನ್ಯೂರಾ, ಎರಡೂವರೆ ಮೀಟರ್ ಉದ್ದದ ಸಾವಿರಕಾಲಿನ ಬಳಗದ ಆರ್ತ್ರೊಪ್ಲೂರಾ: 3 ಮೀಟರ್ ಹತ್ತಿರ
ಕುದುರೆಲಾಳದ ಏಡಿಯ ಅತಿ ಹಳೆಯ ಪಳೆಯುಳಿಕೆ: 4.45 ಮೀಟರ್

ಈ ಕೊನೆಯದು ಈಗಲೂ ಒಡಿಶಾ, ಬಂಗಾಳದ ಕಡಲಂಚಿನಲ್ಲಿ ಜೀವಂತ ಇದೆ. ಏಡಿ ಎಂಬ ಹೆಸರಿದ್ದರೂ ಜೇಡ ಚೇಳಿಗೆ ಹತ್ತಿರ. ಅದಕ್ಕೆ 4.45ರಿಂದ ಬಲತುದಿಯವರೆಗೆ ಒಂದು ಉದ್ದ ಗೆರೆ ಎಳೆಯಿರಿ. ಮಕ್ಕಳು ಗಮನಿಸಬೇಕಾದ್ದು ಇನ್ನೊಂದಿದೆ: ಟಿ. ರೆಕ್ಸ್‌ನಿಂದ ಸ್ಟೆಗೊಸಾರಸ್‌ಗೆ 80 ಸೆಂ.ಮೀ. ಮೇಲೆ, ಟಿ. ರೆಕ್ಸ್‌ನಿಂದ ನಮಗೆ 66. ಆ ಎರಡರ ಕಾದಾಟ ತೋರಿಸುವ ಚಿತ್ರಗಳೆಲ್ಲ ಕಟ್ಟುಕಥೆ. ಯಾದಗಿರಿಯ ಗ್ರಾನೈಟ್ ಬೆಟ್ಟ ಈ ಗೋಡೆಗೆ ಹಿಡಿಸುವುದಿಲ್ಲ, ಸುಮಾರು 250 ಕೋಟಿ ವರ್ಷ, 25 ಮೀಟರ್ ಆಚೆ ರಸ್ತೆಯಲ್ಲೊಂದು ಗುರುತು ಹಾಕಬೇಕು.

ಸುತಲಿಯಿಂದ ಅಳೆಯಬೇಡಿ, ಎಳೆದಷ್ಟೂ ಹಿಗ್ಗುತ್ತದೆ. ಉಕ್ಕಿನ ಟೇಪು ತನ್ನಿ. ಪ್ರತಿ ಗುರುತನ್ನೂ ಬಲತುದಿಯಿಂದಲೇ ಅಳೆಯಿರಿ, ಒಂದರ ನಂತರ ಒಂದು ಕೂಡಿಸುತ್ತ ಹೋದರೆ ತಪ್ಪೂ ಕೂಡುತ್ತ ಹೋಗುತ್ತದೆ.

ಎರೆಮಣ್ಣು
ಅಂಗಳದ ಟಿ. ರೆಕ್ಸ್: ಉದ್ದ 12 ಮೀಟರ್. ಎರಡು ಗೂಟ ಬಡದು ನೈಲಾನ್ ಹಗ್ಗ ಬಿಗೀರಿ. ಇದು ಬೆನ್ನುಗೆರಿ. ಮೂತಿಯಿಂದ 1.5 ಮೀಟರಿಗಿ ತಲಿ ಮುಗೀತದ. ಸೊಂಟ ಹತ್ತಿರಹತ್ತಿರ ನಡುವ ಬರ್ತದ, ಅಲ್ಲಿಂದ ಹಿಂದ ಪೂರಾ ಬಾಲ. ಸೊಂಟದ ಗುರುತಿಂದ ಅಡ್ಡಗೆರಿ 3.6 ಮೀಟರ್ ಎಳೀರಿ, ಅದು ನೆಲದಿಂದ ಸೊಂಟದ ಎತ್ತರ. ಕೈ ಪೂರಾ 1 ಮೀಟರ್ ಆಸುಪಾಸು, ಬೆರಳು ಎರಡೇ. ಮೂರು ಬರದ್ರ ಅಲ್ಲೋಸಾರಸ್ ಅನ್ನೋ ಬ್ಯಾರೆ ಡೈನೋಸಾರ್ ಆಗ್ತದ.

ಎಲ್ಲರೂ ಮಾಡೋ ತಪ್ಪು ಏನಂದ್ರ ಬಾಲ ನೆಲಕ್ಕ ಹಚ್ಚಿ ಮೈ ನೆಟ್ಟಗ ನಿಲ್ಲಸೋದು. ಅದು ಹಳೇ ಚಿತ್ರದ ಭಂಗಿ. ಬೆನ್ನು ನೆಲಕ್ಕ ಸಮಾಂತರ, ಬಾಲ ಮ್ಯಾಲೆ, ಸೊಂಟದ ಮ್ಯಾಲೆ ತೂಕ ಸರಿತೂಗಿಸಿ ನಡೀತಿತ್ತು.

ಗೆರಿಗೆ ಸುಣ್ಣದ ಪುಡಿ ಬ್ಯಾಡ, ಮಕ್ಕಳು ಓಡ್ಯಾಡಿದಾಗ ಎದ್ದು ಕಣ್ಣಿಗಿ ಬಿತ್ತಂದ್ರ ಸುಡ್ತದ. ರಂಗೋಲಿ ಪುಡಿ ಸಾಕು. ಮೊದಲು ನೀರು ಚಿಮುಕಿಸಿದ್ರ ಗಾಳಿಗಿ ಹಾರಂಗಿಲ್ಲ.

ಆಳಂದ್_ಹುಡುಗ
ಹೆಜ್ಜಿ ಗುರುತು?

ಎರೆಮಣ್ಣು
ಅದಕ್ಕ ಕೋಳಿ ಕರೀರಿ. ಹಕ್ಕಿಗಳು ಡೈನೋಸಾರ್ ವಂಶವೇ, ಮಾತಿಗಲ್ಲ, ಲೆಕ್ಕದ ಪ್ರಕಾರ. ಮುಂದ ಮೂರು ಬೆರಳು, ಎದಿಯಾಗ ಕವಲುಎಲುಬು, ಎರಡೂ ಟಿ. ರೆಕ್ಸ್‌ಗೂ ಇದ್ದವು. ಟ್ರೇನಾಗ ಎರಡಿಂಚು ಹಸಿ ಎರೆಮಣ್ಣು ಹದ ಮಾಡಿ ಜ್ವಾಳ ಚೆಲ್ರಿ, ಕೋಳಿ ತಾನೇ ನಡೀತದ. ಚಂದ ಬಿದ್ದ ಹೆಜ್ಜಿ ಸುತ್ತ ರಟ್ಟಿನ ಉಂಗುರ ನಿಲ್ಲಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಡು ಪಾಲು, ನೀರು ಒಂದು ಪಾಲು ಕಲಸಿ ಅಂಚಿನಿಂದ ಮೆಲ್ಲಗ ಹೊಯ್ರಿ, ನಟ್ಟನಡುವ ಹೊಯ್ದ್ರ ಗುರುತು ಕೆಡ್ತದ. 30-40 ನಿಮಿಷ ಬಿಡ್ರಿ. ಮಣ್ಣು ಒಣಗಿದ್ರ ಪ್ಲಾಸ್ಟರಿನ ನೀರು ಹೀರಿ ಪುಡಿ ಪುಡಿ ಆಗ್ತದ, ಎರೆಮಣ್ಣು ದೌಡ ಬಿರಿತದ ಬ್ಯಾರೆ. ಗಟ್ಟಿ ಆಗುವಾಗ ಪ್ಲಾಸ್ಟರ್ ಬಿಸಿ ಆಗ್ತದ, ಮಕ್ಕಳು ಕೈ ಅದ್ದಬಾರದು. ಉಳದದ್ದು ಮೋರಿಗಿ ಚೆಲ್ಲಬ್ಯಾಡ್ರಿ, ಕಟ್ಟಿಕೊಳ್ತದ.

ಬೀದರ್_ಕಿಲ್ಲಾ
ಕೋಳಿ ಕರಿಯೋದು ಬರಿಯೋದಷ್ಟು ಸಸಾರ ಅಲ್ಲ 😄

ಅಕ್ಕೋರು_ಚಿತ್ತಾಪುರ
ನಮ್ಮ ಭಾಗದ ಜೀವಂತ ಪ್ರಾಣಿ ಯಾರೂ ಬರೆಯಲಿಲ್ಲ. ಚಿಂಚೋಳಿ ಅಭಯಾರಣ್ಯದ ಕೊಂಡುಕುರಿ: ಗಂಡಿಗೆ ನಾಲ್ಕು ಕೊಂಬು, ಎರಡು ಕಿವಿ ನಡುವೆ, ಎರಡು ಪುಟ್ಟವು ಹಣೆ ಮೇಲೆ. ಕಾಡು ಸಸ್ತನಿಗಳಲ್ಲಿ ನಾಲ್ಕು ಕೊಂಬಿನದು ಇದೊಂದೇ. ಕತ್ತೆಕಿರುಬ: ನೋಡಲು ನಾಯಿ, ಬಳಗ ಬೆಕ್ಕು ಮುಂಗುಸಿಯದು. ಎರೆಭೂತವನ್ನೂ ಸೇರಿಸಿ, ಹಾರುವ ಹಕ್ಕಿಗಳಲ್ಲಿ ಅತಿ ತೂಕದವುಗಳಲ್ಲಿ ಒಂದು, 15 ಕಿಲೋವರೆಗೆ. ಬಯಲುಸೀಮೆಯ ಹುಲ್ಲುಗಾವಲಿನ ಹಕ್ಕಿ, ಈಗ ದೇಶದಲ್ಲೇ ಬೆರಳೆಣಿಕೆಗೆ ಬಂದಿದೆ.

ತೊಗರಿನಾಡು
ಚಿಪ್ಪುಹಂದಿ?

ಅಕ್ಕೋರು_ಚಿತ್ತಾಪುರ
ಇರಲಿ. ಹಲ್ಲಿಲ್ಲ, ಮೈತುಂಬ ಚಿಪ್ಪಿರುವ ಸಸ್ತನಿ ಅದೊಂದೇ ಬಳಗ, ಚಿಪ್ಪು ನಮ್ಮ ಉಗುರಿನ ವಸ್ತುವೇ. ಔಷಧಿಗೆಂದು ಅದನ್ನು ಕೊಲ್ಲುತ್ತಾರೆ, ಆ ಸಾಲೂ ಬರೆಯಿರಿ.

ಜೇವರ್ಗಿ_ಪುಸ್ತಕಮನೆ
ಎಲ್ಲಾ ಬರಕೊಂಡೀನ್ರಿ. ಪೇಂಟರ್ ಸೋಮವಾರ ಬರ್ತಾನ. ಅಕ್ಷರ ಎಷ್ಟು ದೊಡ್ಡವು ಇಡಬೇಕು?

ಕೃಷ್ಣಾಭೀಮಾ
ಮೂರು ಮೀಟರ್ ದೂರದಿಂದ ಓದಲು ಕನಿಷ್ಠ 3 ಸೆಂ.ಮೀ. ಇಡಿಸಿ, ಒತ್ತಕ್ಷರ ಬಿಟ್ಟು ಅಳೆದದ್ದು. ಸಾಲುಗಳ ನಡುವೆ ಅಷ್ಟೇ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಕ್ವೆಟ್ಜಾಲ್‌ಕೊವಾಟ್ಲಸ್ ಮಾತ್ರ ನೀವೇ ಮೊದಲು ಸೀಮೆಸುಣ್ಣದಲ್ಲಿ ಬರೆದುಕೊಡಿ, ಪೇಂಟರ್ ಕೈಗೆ ಬಿಡಬೇಡಿ.

ತೊಗರಿನಾಡು
ಅದನ್ನ ಓದಲಿಕ್ಕೇ ಬರ್ಲತ್ತಿಲ್ಲ, ಟೆರೊಸಾರ್ ಅಂತ ಹಾಕಿ ಬಿಡ್ರಿ.

ಎರೆಮಣ್ಣು
ಬ್ಯಾಡ. ಆ ಹೆಸರು ಉಸಿರು ಬಿಡದ ಹೇಳೋದೇ 6ನೇತ್ತೆ ಹುಡುಗರಿಗಿ ಆಟ.